ರಿಕಾಬು ಅನ್ನುವಲ್ಲಿ ರಿಕಾಬಿ

ತಪ್ಪು ನನ್ನದು. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಓದುವಾಗ ಕೆಂಪು ಪೆನ್ನಿನಿಂದ ಅಂಚಿನಲ್ಲಿ "ಮೊದಲ ಇದನ್ನ ಬರಿ" ಎಂದು ಗೀಚುವುದು ಖಂಡಿತ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ನಿವೃತ್ತಿ ಸಿಕ್ಕದ್ದು ಅವಳಿಗೆ, ಕೆಂಪು ಪೆನ್ನಿಗಲ್ಲ. ಆದ್ದರಿಂದ ಹೇಳಿಬಿಡುತ್ತೇನೆ. ನಾಲ್ಕು ಜನ ಕುದುರೆ ಸವಾರರಿಗೆ ಎಂಟು ರಿಕಾಬು ಮಾಡಿಸಿಕೊಂಡು ಬಾ ಎಂದು ಅವಳು ನನ್ನನ್ನು ಕಮಲಾಪುರಕ್ಕೆ ಕಳಿಸಿದಳು. ನಾನು ಹೋಗಲಿಲ್ಲ, ಫೋನ್ ಮಾಡಿದೆ. ಅದೂ ನನ್ನ ದನಿಯಲ್ಲಲ್ಲ, ಅವಳ ದನಿಯಲ್ಲಿ. ರಿಕಾಬು ಅನ್ನುವಲ್ಲಿ ರಿಕಾಬಿ ಅಂದೆ. ರಿಕಾಬು ಅಂದರೆ ಜೀನಿನ ಎರಡೂ ಬದಿಗೆ ತೂಗುವ, ಸವಾರ ಪಾದ ಊರುವ ಕಬ್ಬಿಣದ ಕಮಾನು. ರಿಕಾಬಿ ಅಂದರೆ ನಮ್ಮ ಕಡೆಯ ಉರ್ದು ಮನೆಗಳಲ್ಲಿ ಊಟದ ತಾಟು.

ಬಂದದ್ದು ಎಂಟು ತಾಟು.

ನಾನು ಅಣಕು ಮಾಡುವವನು. ಹಗಲೆಲ್ಲ ಸ್ಟೇಶನ್ ಬಜಾರದ ಒಂದು ಅಂಗಡಿಯಲ್ಲಿ ಮೊಬೈಲಿನ ಒಡೆದ ಗಾಜು ಬದಲಿಸುತ್ತೇನೆ. ಮದುವೆಯ ಸೀಸನ್ನಿನಲ್ಲಿ ಆರ್ಕೆಸ್ಟ್ರಾದವರು ಹಾಡಿನ ನಡುವೆ ನೀರು ಕುಡಿಯುವ ಹತ್ತು ನಿಮಿಷ ವೇದಿಕೆ ನನ್ನದು. ರೈಲು ಎರಡು ತಾಸು ತಡ ಎನ್ನುವಾಗಲೂ ಸಂತೋಷದಲ್ಲೇ ಇರುವ ಸ್ಟೇಶನ್ನಿನ ಹೆಣ್ಣು ದನಿ, ಒಂದೇ ಉಸಿರಿಗೆ ಆರು ಊರು ಕೂಗುವ ಕಂಡಕ್ಟರ್, "ಊಟಾ ಮಾಡೇ ಹೋಗಬೇಕ್ರಿ" ಎನ್ನುತ್ತಲೇ ಕೈಗಡಿಯಾರ ನೋಡಿಕೊಳ್ಳುವ ಬೀಗರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಇದರಿಂದಾಗಿ ಮನೆಯವರು ನನ್ನ ಫೋನ್ ಎತ್ತಿದರೆ "ಯಾರು?" ಎಂದು ಕೇಳುವುದಿಲ್ಲ. "ಇವತ್ತ ಯಾರಾಗಿ ಮಾತಾಡಾಕತ್ತಿ?" ಎಂದು ಕೇಳುತ್ತಾರೆ.

ಅತ್ತೆಯ ದನಿ ನನಗೆ ಬಹಳ ಸುಲಭ. ಗಂಟಲನ್ನು ಸ್ವಲ್ಪ ಒಣಗಿಸಿ, ಪ್ರತಿ ವಾಕ್ಯದ ಕೊನೆಗೆ "ತಿಳೀತಿಲ್ಲೊ?" ಎಂದು ಸೇರಿಸಿದರೆ ಮುಗಿಯಿತು. ಅವಳೆದುರಿಗೇ ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಅವಳು ನಗುವುದಿಲ್ಲ. "ಉಚ್ಚಾರ ಇನ್ನೊಂದಿಷ್ಟ ತಿದ್ದಕೊ" ಎನ್ನುತ್ತಾಳೆ.

ಕುದುರೆಯ ಹುಚ್ಚು ಅವಳಿಗೆ ಹತ್ತಿದ್ದು ಬ್ರಹ್ಮಪುರದ ನಮ್ಮ ಮನೆಯ ಕಟ್ಟೆಯ ಮೇಲೆ. ಯಾವುದೋ ಮೆರವಣಿಗೆ ಹೊರಟಿತ್ತು. ಮುಂದೆ ಮೂರು ಕುದುರೆ, ಮೇಲೆ ಮೂವರು "ಬಹಮನಿ ಸೈನಿಕರು". ಮಿರಿಮಿರಿ ಮಿಂಚುವ ಮಖಮಲ್ಲಿನ ಅಂಗಿ, ಬೆಳ್ಳಿ ಬಣ್ಣ ಬಳಿದ ರಟ್ಟಿನ ಶಿರಸ್ತ್ರಾಣ, ಪ್ಲಾಸ್ಟಿಕ್ ಕತ್ತಿ. ಕಾಲಲ್ಲಿ ಓಟದ ಬೂಟು. ಒಬ್ಬ ಸೈನಿಕ ಗುಟಕಾ ಉಗಿಯಲು ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿದ. ಅತ್ತೆ ಕಟ್ಟೆಯಿಂದ ಇಳಿದು ಹೋಗಿ ಅವನ ಕುದುರೆಯ ಲಗಾಮು ಹಿಡಿದಳು.

"ಯಾವ ಕಾಲದವನಪಾ ನೀ?"

"ಹನ್ನೊಂದು ಗಂಟೇದವನ್ರಿ," ಅಂದ ಅವನು. ಮೆರವಣಿಗೆಯ ಪಾಳಿ ಕೇಳುತ್ತಿದ್ದಾಳೆ ಅಂದುಕೊಂಡಿದ್ದ, ಪಾಪ.

ಅವತ್ತಿನಿಂದ ಶುರುವಾಯಿತು. ಹಳೆಯ ಚಿತ್ರಗಳ ಪಟ, ದೊಡ್ಡ ದೊಡ್ಡ ಪುಸ್ತಕ, ಅಳತೆಯ ಟೇಪು. ವಸ್ತುಸಂಗ್ರಹಾಲಯವೊಂದರಲ್ಲಿ ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಒಳಗಿದ್ದ ಹಳೆಯ ರಿಕಾಬಿನ ಚಿತ್ರ ಬಿಡಿಸಿಕೊಂಡಳು. ಮೂರನೆಯ ಸಲ ಹೋದಾಗ ಕಾವಲುಗಾರ ತಾನೇ ಕುರ್ಚಿ ತಂದು ಹಾಕಿದನಂತೆ. ಇಲ್ಲಿಯ ಸವಾರರು ಮೈಗೆ ಹಾಕುತ್ತಿದ್ದದ್ದು ಬರೀ ಕಬ್ಬಿಣವಲ್ಲ, ಪದರು ಪದರಾಗಿ ಬಟ್ಟೆಯಿಟ್ಟು ಒತ್ತಾಗಿ ಹೊಲಿದ ದಪ್ಪ ಅಂಗಿ ಎಂದು ಅವಳು ಕಂಡುಕೊಂಡಳು. ಅಂಥ ಅಂಗಿ ಹೊಲಿಯುವ ದರ್ಜಿ ಯಾರೂ ಸಿಗಲಿಲ್ಲ. ಕೊನೆಗೆ ಶರಣಸಿರಸಗಿಯಲ್ಲಿ ಹಳೆಯ ಸೀರೆಗಳನ್ನು ಪೇರಿಸಿ ಕೌದಿ ಹೊಲಿಯುವ ಒಬ್ಬ ಅಜ್ಜಿಯ ಮುಂದೆ ಚಿತ್ರ ಹರವಿದಳು. ಅಜ್ಜಿ ನೋಡಿದಳು.

"ಇದು ಕೌದೀನ ಅಲ್ಲೇನವಾ? ತೋಳ ಬಂದಾವ, ಇಷ್ಟ."

ಹಾಗೆ ನಾಲ್ಕು ಅಂಗಿ ಆದವು. ತೊಟ್ಟುಕೊಂಡರೆ ಹಾಸಿಗೆಯನ್ನೇ ಸುತ್ತಿಕೊಂಡು ಎದ್ದು ಬಂದಂತೆ. ತೋಳು ಮಡಚಲಿಕ್ಕೆ ಮೊದಲೇ ಯೋಚನೆ ಮಾಡಬೇಕು. ಆದರೆ ಅತ್ತೆ ನಮ್ಮ ಪಡಸಾಲೆಯಲ್ಲಿ ಅದರ ಬೆನ್ನಿಗೆ ಬಿದಿರ ಕೋಲಿನಿಂದ ಬಾರಿಸಿ ನೋಡಿದಳು. ಅಂಗಿಯೊಳಗೆ ಇದ್ದದ್ದು ನಾನು. ನೋವಾಗಲಿಲ್ಲ. ಅವಳ ಮುಖದಲ್ಲಿ ನಾನು ಕಂಡ ಅತಿ ದೊಡ್ಡ ಸಂತೋಷ ಅದೇ. ನನ್ನ ಕ್ಷೇಮಕ್ಕೋ ಹೊಲಿಗೆಗೋ ಎಂದು ಕೇಳುವ ಧೈರ್ಯ ಆಗಲಿಲ್ಲ.

ಕುದುರೆಗಳು ಸ್ಟೇಶನ್ ಬಜಾರದ ಟಾಂಗಾ ಕಾಕಾನವು. ಟಾಂಗಾ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಈಗ ಅವನ ಕುದುರೆಗಳು ಮದುಮಗನನ್ನು ಹೊರುತ್ತವೆ. ಅವನ ಇಬ್ಬರು ಮಕ್ಕಳು, ಒಬ್ಬ ಅಳಿಯ, ಮತ್ತು ನಾನು, ಹೀಗೆ ನಾಲ್ವರು ಸವಾರರು. ಮೂವರಿಗೆ ಕುದುರೆ ಹತ್ತುವುದು ಗೊತ್ತಿತ್ತು. ನನಗೆ ಕುದುರೆಯಂತೆ ಕೆನೆಯುವುದು ಗೊತ್ತಿತ್ತು.

ಈ ಹೊತ್ತಿಗೆ ಊರಲ್ಲಿ ಒಂದು ಸಮಿತಿ ಆಗಿತ್ತು. ನಮ್ಮೂರ ಬಹಮನಿ ಕೋಟೆಯ ಕಂದಕದ ಪಕ್ಕದ ಬಯಲಿನಲ್ಲಿ ಒಂದು ಮುಂಜಾನೆ ಹಳೆಯ ಕಾಲದ ಸವಾರರನ್ನು ಜನರಿಗೆ ತೋರಿಸಬೇಕು ಎಂದು ಅವರ ವಿಚಾರ. ಅರ್ಜಿ ಹಾಕಿದವರು ಇಬ್ಬರೇ. ಒಬ್ಬರು, ಮಖಮಲ್ಲಿನ ಅಂಗಿ ಬಾಡಿಗೆಗೆ ಕೊಡುವ ನಾಟಕದ ಡ್ರೆಸ್ ಅಂಗಡಿಯವರು. ಇನ್ನೊಬ್ಬಳು ಅತ್ತೆ. ಕಾರ್ಯಕ್ರಮಕ್ಕೆ ಮೊದಲು ಒಂದು ಭಾನುವಾರ ಸಮಿತಿಯವರು ಇಬ್ಬರ ಸಾಮಾನನ್ನೂ ನೋಡಿ ಒಬ್ಬರನ್ನು ಆರಿಸುತ್ತಾರೆ. ಅತ್ತೆ ಅರ್ಜಿಯ ಕೊನೆಗೆ ತನ್ನ ದುಂಡಗಿನ ಅಕ್ಷರದಲ್ಲಿ ಯಾರೂ ಕೇಳದ ಒಂದು ಸಾಲು ಸೇರಿಸಿದ್ದಳು: "ನಮ್ಮ ಸವಾರರ ಮೈಮೇಲಾಗಲಿ ಕುದುರೆಯ ಮೇಲಾಗಲಿ ಒಂದೇ ಒಂದು ಸುಳ್ಳು ವಸ್ತು ಕಂಡುಬಂದರೆ ನಾವಾಗಿಯೇ ಹಿಂದೆ ಸರಿಯುತ್ತೇವೆ." ತನ್ನ ಪಾಠವನ್ನು ಒಮ್ಮೆಯಾದರೂ ನೆಲದ ಮೇಲೆ ನಡೆಯುವುದನ್ನು ಕಣ್ಣಾರೆ ನೋಡಬೇಕು ಎಂಬ ಅವಳ ಆಸೆಯೆಲ್ಲ ಈಗ ಆ ಒಂದು ಸಾಲಿನ ಮೇಲೆ ನಿಂತಿತ್ತು.

ಎಲ್ಲ ಆಗಿತ್ತು, ರಿಕಾಬು ಒಂದು ಉಳಿದಿತ್ತು.

ಕಮಲಾಪುರದಲ್ಲಿ ಒಬ್ಬ ಕಮ್ಮಾರ ಚಾಚಾ ಇದ್ದಾನೆ. ಅವನ ಅಪ್ಪ, ಅಜ್ಜ ಎಲ್ಲ ಟಾಂಗಾದ ಕುದುರೆಗೆ ಬೇಕಾದ ಕಬ್ಬಿಣದ ಸಾಮಾನು ಮಾಡಿದವರು. ಅತ್ತೆಗೆ ಕಡಿವಾಣ ಮಾಡಿಕೊಟ್ಟವನು ಅವನೇ. ಈ ಸಲ ರಿಕಾಬಿನ ಚಿತ್ರವಿದ್ದ ಕಾಗದವನ್ನು ಅವಳು ನನ್ನ ಕೈಗಿಟ್ಟು, "ನೀನ ಹೋಗು. ಕಾಗದ ತೋರಸು. ಬಾಯಿಲೆ ಹೇಳಬ್ಯಾಡ, ತೋರಸು," ಎಂದು ಬಿಡಿಸಿ ಹೇಳಿದ್ದಳು. ಅವತ್ತು ಬಿಸಿಲು ಬಹಳ ಇತ್ತು. ಬಸ್ಸಿನಲ್ಲಿ ಒಂದು ತಾಸು. ಫೋನಿನಲ್ಲಿ ಎರಡು ನಿಮಿಷ. ಗುರುತಿಲ್ಲದ ನನ್ನ ಮಾತನ್ನು ಚಾಚಾ ಗಂಭೀರವಾಗಿ ತಗೊಳ್ಳುವುದಿಲ್ಲ, ಅತ್ತೆಯದಾದರೆ ತಗೊಳ್ಳುತ್ತಾನೆ. ಗಂಟಲು ಒಣಗಿಸಿಕೊಂಡೆ.

"ಚಾಚಾ, ಆರಾಮ ಅದೀರೇನ್ರಿ? ಒಂದು ಕೆಲಸ ಇತ್ತು. ತಿಳೀತಿಲ್ಲೊ?"

"ಹೇಳ್ರಿ ಅಕ್ಕೋರೆ."

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಆ ಮರ್ಯಾದೆ ಕಿವಿಗೆ ಬಿದ್ದದ್ದೇ ನನಗೆ ಉಮೇದು ಹೆಚ್ಚಾಯಿತು. ರಿಕಾಬು ಎನ್ನುವುದು ಬೋಳಾಗಿ ಕೇಳಿಸುತ್ತದೆ, ಕೊನೆಗೆ ಒಂದು ಉರ್ದುವಿನ ಕೊಂಡಿ ಹಾಕಿದರೆ ಚಂದ ಅನ್ನಿಸಿತು.

"ರಿಕಾಬಿ ಬೇಕಾಗ್ಯಾವ್ರಿ. ಕಬ್ಬಿಣದ್ದು, ಹಳೇ ನಮೂನಿ."

"ಕಬ್ಬಿಣದ್ದ್ಯಾಕ್ರಿ? ಸ್ಟೀಲಿಂದು ಬಜಾರದಾಗ ರಗಡ ಸಿಗತಾವಲ್ಲ."

"ಸ್ಟೀಲಿನ ಹೆಸರ ತಗೀಬ್ಯಾಡ್ರಿ. ಆಗಿನ ಕಾಲದಾಗ ಸ್ಟೀಲ್ ಎಲ್ಲಿತ್ತು?"

"ಅದೂ ಖರೇ ಅನ್ರಿ. ಎಷ್ಟ ಮಂದಿಗಿ?"

"ನಾಕ್ ಮಂದಿ ಸವಾರರಿಗಿ. ಎಂಟು ಮಾಡ್ರಿ."

"ನಾಕ್ ಮಂದಿಗಿ ಎಂಟ್ಯಾಕ್ರಿ?"

"ಒಬ್ಬೊಬ್ಬರಿಗಿ ಎರಡು ಬೇಕಲ್ರಿ. ಎಡಕ್ಕೊಂದು, ಬಲಕ್ಕೊಂದು."

"ಅಚ್ಛಾ. ದೊಡ್ಡ ಮಂದಿ ಬಿಡ್ರಿ ಸವಾರರಂದ್ರ. ಅಗಲ?"

ಕಾಗದ ನನ್ನ ಜೇಬಿನಲ್ಲೇ ಇತ್ತು. ಬಿಚ್ಚಿ ನೋಡಲಿಲ್ಲ. "ಒಂದು ಗೇಣು."

"ರಸ್ಸಾ ನಿಲ್ಲಬೇಕಲ್ರಿ ಅದರಾಗ?"

ಅವನು ಕೇಳಿದ್ದು ರಸ್ಸಾ, ಅಂದರೆ ಸಾರು. ನಾನು ಕೇಳಿಸಿಕೊಂಡದ್ದು ರಸ್ಸಿ, ಅಂದರೆ ಹಗ್ಗ. ರಿಕಾಬನ್ನು ಜೀನಿಗೆ ತೂಗುಹಾಕುವ ಪಟ್ಟಿಯ ವಿಚಾರ ಎಂದುಕೊಂಡೆ.

"ಹೌದ್ರಿ, ಗಟ್ಟಿ ನಿಲ್ಲಬೇಕು," ಅಂದೆ. "ತಿಳೀತಿಲ್ಲೊ?"

"ತಿಳೀತ್ರಿ ಅಕ್ಕೋರೆ, ಪೂರಾ ತಿಳೀತು," ಅಂದ ಚಾಚಾ.

ಭಾನುವಾರ ಇನ್ನು ನಾಲ್ಕು ದಿನ ಇದೆ ಎನ್ನುವಾಗ, ಬುಧವಾರ ಬೆಳಿಗ್ಗೆ, ಕಮಲಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಗೋಣಿಚೀಲ ಬಂತು. ಟಾಂಗಾ ಕಾಕಾನೂ ಮನೆಯಲ್ಲೇ ಇದ್ದ. ಅತ್ತೆ ತಾನೇ ಹುರಿ ಬಿಚ್ಚಿದಳು. ಒಂದೊಂದಾಗಿ ತಾಟು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು, ಎಂಟನೆಯದರವರೆಗೂ. ಬಡಿದ ಗುರುತು ಅಂದವಾಗಿ ಮೂಡಿದ, ಅಂಚು ಮೇಲೆದ್ದ, ಆಳವಾದ ಕಬ್ಬಿಣದ ತಾಟುಗಳು. ಸಾರು ಖಂಡಿತ ನಿಲ್ಲುತ್ತಿತ್ತು.

"ಕುದುರಿಗಿ ಕಾಳು ದಾನಿ ಹಾಕೋದೇನ್ರಿ ಇದರಾಗ?" ಅಂದ ಟಾಂಗಾ ಕಾಕಾ.

ಅತ್ತೆ ಚಾಚಾನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ಚಾಚಾ, ಇವೇನು ಕಳಿಸೀರಿ?"

"ರಿಕಾಬಿ, ಅಕ್ಕೋರೆ. ನೀವೇ ಹೇಳಿದ್ರಲ್ಲ."

"ನಾ ಯಾವಾಗ ಹೇಳೀನಿ?"

"ನಿಮ್ಮ ದನಿ ನನಗ ಗೊತ್ತಿಲ್ಲೇನ್ರಿ? ಕಡಿವಾಣ ಅಸಲಿ ಬೇಕು ಅಂದವರು ತಾಟೂ ಅಸಲಿ ಕೇಳಾಕತ್ತಾರ ಅಂತ ತಿಳಕೊಂಡೆ. ತಿಳೀತಿಲ್ಲೊ, ತಿಳೀತಿಲ್ಲೊ ಅಂತ ಆರ ಸಲ ಕೇಳಿದ್ರಿ."

ಅತ್ತೆ ಫೋನ್ ಇಟ್ಟಳು. ನನ್ನ ಕಡೆ ತಿರುಗಿದಳು. ನಾನು ಆಗಲೇ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟಿದ್ದೆ.

"ಲೇ, ನನ್ನ ದನಿ ವಾಪಸ್ ಕೊಡು," ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮೇಜಿನ ಖಾನೆಯಿಂದ ಅರ್ಜಿಯ ಪ್ರತಿ ತೆಗೆದು, ಕೊನೆಯ ಸಾಲನ್ನು ತನ್ನಷ್ಟಕ್ಕೆ ಓದಿಕೊಂಡಳು. ಟಾಂಗಾ ಕಾಕಾನಿಗೆ ಕೆಡುಕೆನಿಸಿತು.

"ನಮ್ಮ ಮದವಿ ಕುದುರಿ ರಿಕಾಬು ಅದಾವಲ್ರಿ, ಅವನ್ನ ಹಾಕೋಣು. ನಿಕ್ಕಲ್ಲಿನ ಹೊಳಪ ಅದ, ಮ್ಯಾಲ ಕರೀ ಬಣ್ಣಾ ಹೊಡದ್ರ ಯಾರಿಗಿ ತಿಳೀತದ?"

"ನನಗ ತಿಳೀತದ," ಅಂದಳು ಅತ್ತೆ. "ಅವು ಇಕ್ಕಟ್ಟ, ಹಿಮ್ಮಡ ಇರೂ ಬೂಟಿಗಿ ಮಾಡಿದ್ದು. ಆಗಿನವರದು ಮೆತ್ತನ ಚರ್ಮದ ಮೆಟ್ಟು. ಇಡೀ ಅಂಗಾಲ ಊರಬೇಕು, ಅದಕ್ಕ ಕಾಲ ಇಡೂ ಅಡಿ ಭಾಗ ಅಗಲ. ಬಣ್ಣಾ ಹೊಡದ್ರ ಅಡಿ ಅಗಲ ಆಗತದೇನು?"

"ರಿಕಾಬು ಇಲ್ಲದನ ಹತ್ತಿದ್ರ?" ಅಂದೆ, ಉಪಯೋಗಕ್ಕೆ ಬಂದೇನೋ ಎಂದು.

"ಹತ್ತಿ ತೋರಸು."

ಕೌದಿ ಅಂಗಿ ತೊಟ್ಟುಕೊಂಡೆ. ಟಾಂಗಾ ಕಾಕಾನ ಇಬ್ಬರು ಮಕ್ಕಳು ಕುದುರೆ ತಂದು, ನನ್ನನ್ನು ಹೊತ್ತು ಅದರ ಮೇಲೆ ಇಟ್ಟರು. ಕುದುರೆ ನಾಲ್ಕು ಹೆಜ್ಜೆ ನಡೆಯಿತು. ನಾನು ಎರಡೇ ಹೆಜ್ಜೆ ಅದರ ಜೊತೆಗಿದ್ದೆ. ಅಂಗಿ ದಪ್ಪವಿದ್ದದ್ದರಿಂದ ಪೆಟ್ಟಾಗಲಿಲ್ಲ. ಬಿದ್ದವನು ತಾನಾಗಿ ಏಳಲಿಕ್ಕೂ ಆಗಲಿಲ್ಲ. ಮಗುಚಿಬಿದ್ದ ಆಮೆಯ ಹಾಗೆ ಕೈಕಾಲು ಆಡಿಸುತ್ತಿದ್ದಾಗ ಅತ್ತೆ ಮೇಲಿನಿಂದ ಬಗ್ಗಿ ನೋಡಿದಳು.

"ನಾಳಿ ಮೊದಲನೇ ಬಸ್ಸಿಗಿ ಕಮಲಾಪುರಕ್ಕ ಹೋಗು. ಕಾಗದ ತಗೊಂಡ ಹೋಗು. ನಿನ್ನ ದನೀಲೆ ಮಾತಾಡು. ನಿಂದು ಅಂತ ಒಂದು ಅದ ಅಲ್ಲ?"

ಅದ ಅಂದೆ. ಖಾತ್ರಿ ಇರಲಿಲ್ಲ.

ಚಾಚಾನ ಕುಲುಮೆ ರಸ್ತೆಯ ಪಕ್ಕದ ತಗಡಿನ ಚಪ್ಪರದಲ್ಲಿದೆ. ಎಡಬಲದ ಅಂಗಡಿಗಳಲ್ಲಿ ಕೆಂಪು ಬಾಳೆಯ ಗೊನೆ ಜೋತುಬಿದ್ದಿದ್ದವು. ನಾನು ಹೋದಾಗ ಚಾಚಾ ಗಾಡಿಯ ಗಾಲಿಗೆ ಬಿಗಿಯುವ ಹಳೆಯ ಕಬ್ಬಿಣದ ಹಳಿಯೊಂದರ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಸಲಾಂ ಮಾಡಿದೆ.

"ಕೌನ್ ರೇ ತೂ?"

"ಅಕ್ಕೋರ ಅಳಿಯರಿ. ಅವತ್ತ ಫೋನಿನ್ಯಾಗ ಮಾತಾಡಿದ್ದು ಅವರಲ್ಲ ಚಾಚಾ, ನಾನು."

ನಂಬಲಿಲ್ಲ. "ಹೆಣಮಗಳ ದನಿ ಇತ್ತು," ಅಂದ. ಬೇರೆ ದಾರಿಯಿರಲಿಲ್ಲ, ಗಂಟಲು ಒಣಗಿಸಿ, "ಚಾಚಾ, ಆರಾಮ ಅದೀರೇನ್ರಿ?" ಅಂದೆ. ಅವನು ಥಟ್ಟನೆ ಹೆಗಲ ಮೇಲಿನ ಟವೆಲ್ ತೆಗೆದು ಎದ್ದು ನಿಂತ. ಹಾಗೆ ನಿಂತದ್ದು ತಿಳಿದ ಮೇಲೆ ಸಿಟ್ಟು ಬಂತು. ಮತ್ತೆ ಕೂತು, ಚಹಾದ ಕಪ್ಪನ್ನು ಪೂರ್ತಿ ಮುಗಿಸುವವರೆಗೆ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ.

"ತಾಟು ಹ್ಯಾಂಗ ಬಂದಾವ?" ಅಂದ ಕೊನೆಗೆ.

"ಭಾಳ ಶಾನ ಬಂದಾವ ಚಾಚಾ."

"ಅದರಾಗ ಉಂಡಿಯೇನು?"

"ಇಲ್ರಿ."

"ಮತ್ತ ಶಾನ ಹ್ಯಾಂಗ ಅಂತಿ?"

ಕಾಗದ ಬಿಚ್ಚಿ ಮುಂದೆ ಹಿಡಿದೆ. ಚಾಚಾ ಅದನ್ನು ಕೈಯಲ್ಲಿ ತಗೊಂಡ. ಸಿಟ್ಟಿನ ಮುಖದಲ್ಲೇ ನೋಡಲು ಶುರು ಮಾಡಿದವನು, ನೋಡುತ್ತ ನೋಡುತ್ತ ಹೆಬ್ಬೆರಳಿನಿಂದ ಕಮಾನಿನ ಗೆರೆಯ ಮೇಲೆ ಸವರಿದ.

"ಇದು ನಮ್ಮ ದಾದಾ ಮಾಡತಿದ್ದ, ನಮ್ಮಪ್ಪನ ಅಪ್ಪ," ಅಂದ. "ಅಡಿ ಅಗಲಿಂದು. ಸಣ್ಣವಿದ್ದಾಗ ನೋಡೀನಿ. ಯಾವಾಗ ಬೇಕು?"

"ಆಯಿತವಾರ ಮುಂಜಾನಿ."

"ಎಂಟು?"

"ಎಂಟು."

"ಪಾಗಲ್," ಅಂದ. ಇದು ನನಗೋ ಅತ್ತೆಗೋ ಎಂದು ತಿಳಿಯಲಿಲ್ಲ. ಎದ್ದು, ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. "ದೊಡ್ಡದು ಎತ್ತಾಕ ನನ್ನ ಬಲಗೈಗಿ ಈಗ ಆಗಲ್ಲ. ಬಾರಿಸಾವ ನೀನ. ಅಂಗಿ ತಗಿ."

ಕುಲುಮೆಯಲ್ಲಿ ಮಾತಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಉಸ್ತಾದ್ ಎಡಗೈಯ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿಯುತ್ತಾನೆ, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಆ ಸಣ್ಣ ಸುತ್ತಿಗೆ ಕಬ್ಬಿಣದ ಮೇಲೆ ಎಲ್ಲಿ ಕುಟ್ಟುತ್ತದೋ ಅಲ್ಲಿ ದೊಡ್ಡ ಸುತ್ತಿಗೆ ಬೀಳಬೇಕು. ಅದು ಕಾದ ಕಬ್ಬಿಣವನ್ನು ಬಿಟ್ಟು, ಅದರಡಿಯ ಕಬ್ಬಿಣದ ದಿಮ್ಮಿ ಅಡಿಗಲ್ಲಿನ ಮೇಲೆ "ಟಣ್" ಎಂದರೆ ನಿಲ್ಲಿಸಬೇಕು. ಇಷ್ಟೇ ಭಾಷೆ. ಹಾಂ, ಹೂಂ, ಸ್ವಲ್ಪ ಆಚೆ, ಸ್ವಲ್ಪ ಈಚೆ, ಯಾವುದೂ ಇಲ್ಲ. ಎಚ್ಚರವಿರುವಷ್ಟು ಹೊತ್ತೂ ಬಾಯಿ ಆಡಿಸುವ ನನ್ನಂಥವನಿಗೆ ಇದು ಉಪವಾಸಕ್ಕಿಂತ ಕಷ್ಟ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಚೀಟಿ ಕೊಟ್ಟರೆ ಬೆರಳು ಮಡಚಲಾಗದೆ ಬಾಯಲ್ಲಿ ಹಿಡಿದೆ.

"ಏನ್ ಮಾರಾಯಾ, ಇವತ್ತ ನನ್ನಂಗ ಕೂಗಿಲ್ಲ?" ಅಂದ ಅವನು. ನನ್ನ ಅಣಕು ಅವನಿಗೆ ಗೊತ್ತು.

"ನಾಳಿ ಕೂಗತೀನ್ರಿ," ಅಂದೆ. ಬಾಯಲ್ಲಿ ಚೀಟಿ ಇದ್ದದ್ದರಿಂದ ಅವನಿಗೆ ತಿಳಿಯಲಿಲ್ಲ.

ಶುಕ್ರವಾರ ಮತ್ತೆ ಹೋದೆ. ಹೋಗುವ ಮೊದಲು ಅತ್ತೆ ಅಂಗೈಗೆ ಕೊಬ್ಬರಿ ಎಣ್ಣೆ ಸವರಿ, ಹಳೆಯ ಅರಿವೆ ಸುತ್ತಿ ಗಂಟು ಹಾಕಿದಳು. ಗಂಟು ಮೆತ್ತಗಿತ್ತು. ಅವತ್ತು ಮಧ್ಯಾಹ್ನಕ್ಕೆ ನಾಲ್ಕು ರಿಕಾಬು ಮುಗಿದವು. ಐದನೆಯದಕ್ಕೆ ಕಬ್ಬಿಣ ಕಾಯಿತು. ನನ್ನ ಕೈ ಲಯಕ್ಕೆ ಬಿದ್ದಿತ್ತು; ಲಯಕ್ಕೆ ಬಿದ್ದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಅಂಗುಳಕ್ಕೆ ನಾಲಿಗೆ ತಾಗಿಸಿ "ಟಣ್" ಅಂದೆ. ತಮಾಷೆಗೆ. ಅಡಿಗಲ್ಲಿನದೇ ದನಿ, ಎಷ್ಟು ಚೆನ್ನಾಗಿ ಬಂತೆಂದರೆ ಅದನ್ನು ಕೇಳಿ ಚಾಚಾನ ಕೈ ತಾನಾಗಿಯೇ ಕೆಲಸ ನಿಂತಿತೆಂದು ಕಬ್ಬಿಣ ಹಿಂದಕ್ಕೆಳೆಯಿತು. ನನ್ನ ಸುತ್ತಿಗೆ ಆಗಲೇ ಕೆಳಗೆ ಬರುತ್ತಿತ್ತು. ಪೆಟ್ಟು ಕಮಾನಿನ ತುದಿಗೆ ಬಿದ್ದು, ಅದು ಅಡ್ಡಕ್ಕೆ ಸೀಳಿತು.

ಚಾಚಾ ಸೀಳಿದ ಕಬ್ಬಿಣವನ್ನು ಬೆಳಕಿಗೆ ಹಿಡಿದು ನೋಡಿದ. ಚಪ್ಪರದ ಹಿಂದಿನ ಮನೆಯಲ್ಲಿದ್ದ ಚಾಚಿಯನ್ನು, ತನ್ನ ಹೆಂಡತಿಯನ್ನು, ಕೂಗಿ ಕರೆದ. ಅವಳು ಬಂದು ವಿಷಯ ಕೇಳಿ, ಒಳಗೆ ಹೋಗಿ ಎರಡು ಕೆಂಪು ಬಾಳೆಹಣ್ಣು ತಂದಳು.

"ಒಂದ ಸುಲದ ಬಾಯಾಗ ಇಟಗೊ," ಅಂದ ಚಾಚಾ. "ನುಂಗಬ್ಯಾಡ. ಬಾರಿಸು."

ಮುಂದಿನ ಕೆಲಸವೆಲ್ಲ ಬಾಯಿ ತುಂಬ ಬಾಳೆಹಣ್ಣು ಇಟ್ಟುಕೊಂಡು ಮಾಡಿದೆ. ಕರಗಿ ಹೋದರೆ ಚಾಚಿ ಇನ್ನೊಂದು ತರುತ್ತಿದ್ದಳು. ಮದುವೆಗಳಲ್ಲಿ ನನ್ನನ್ನು ಸುಮ್ಮನಿರಿಸಲು ಜನ ಏನೇನೋ ಮಾಡಿದ್ದಾರೆ, ಇಷ್ಟು ರುಚಿಯಾಗಿ ಯಾರೂ ಬಾಯಿ ಮುಚ್ಚಿಸಿಲ್ಲ.

ಸೀಳಿದ್ದರ ಜಾಗಕ್ಕೆ ಇನ್ನೊಂದು ಮಾಡುವುದರಲ್ಲಿ ಹೊತ್ತೂ ಹೋಯಿತು, ಹಳೆಯ ಗಾಡಿ ಹಳಿಯ ಒಳ್ಳೆಯ ಕಬ್ಬಿಣವೂ ಮುಗಿಯುತ್ತ ಬಂತು. ಬಜಾರದ ಹೊಸ ಕಬ್ಬಿಣದ ಸಳಿ ತರೋಣವೇ ಎಂದು ಬಾಳೆಹಣ್ಣು ಪಕ್ಕಕ್ಕೆ ತಳ್ಳಿ ಕೇಳಿದೆ. "ನಕ್ಕೋ, ಬ್ಯಾಡ," ಅಂದ ಚಾಚಾ. "ಅಕ್ಕೋರು ಕಾಗದದಾಗ ಬರದು ಕೊಟ್ಟಾರಂತಲ್ಲ." ಅರ್ಜಿಯ ಆ ಸಾಲಿನ ಬಗ್ಗೆ ನಾನೇ ಅವನಿಗೆ ಹೇಳಿದ್ದೆ. ಈಗ ಅದು ಅವನ ಸಾಲೂ ಆಗಿತ್ತು. ಶನಿವಾರ ಮಧ್ಯಾಹ್ನ ಆರನೆಯದಕ್ಕೆ ಕೊನೆಯ ಪೆಟ್ಟು ಹಾಕಿ, ಸಣ್ಣ ಸುತ್ತಿಗೆಯಿಂದ ಅಡಿಗಲ್ಲಿನ ಮೇಲೆ "ಟಣ್" ಅಂದ. ಆರು. ಎಂಟು ಆಗುವ ಹಾಗಿರಲಿಲ್ಲ.

ಅತ್ತೆ ಆರನ್ನೂ ಚಿತ್ರದ ಪಕ್ಕದಲ್ಲಿಟ್ಟು ಟೇಪು ಹಿಡಿದು ಅಳೆದಳು. ಅಡಿ ಅಗಲ ಸರಿ. ಕಮಾನಿನ ಎತ್ತರ ಸರಿ. ಒಂದನ್ನು ಕೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು. ಗಾಜಿನ ಆಚೆಗೆ ಮೂರು ಸಲ ನೋಡಿದ್ದು ಮೊದಲ ಸಲ ಅವಳ ಕೈಗೆ ಭಾರವಾಗಿ ಸಿಕ್ಕಿತ್ತು.

"ಮೂರು ಜೋಡಿ," ಅಂದಳು ಆಮೇಲೆ. "ಮೂವರು ಹತ್ತತಾರ. ನೀ ಕುದುರಿ ಲಗಾಮು ಹಿಡಕೊಂಡ ನಡಿ."

"ನಾ ಆಗಲೇ ಸ್ಟೇಟಸ್ ಹಾಕೀನಿ ಅತ್ತಿ. ಕುದುರಿ ಮ್ಯಾಲ ಕುಂತಿದ್ದು."

"ತಗದ ಹಾಕು. ಅದು ಬೀಳೂಕಿಂತ ಮೊದಲ ತಗದ ಫೋಟೋ."

"ಕೌದಿ ಅಂಗಿ ಆದ್ರೂ ಹಾಕ್ಕೊತೀನಿ."

"ಕುದುರಿ ನೋಡಕೊಳ್ಳಾವಗ ಆ ಅಂಗಿ ಯಾವ ಚಿತ್ರದಾಗದ, ತೋರಸು. ಧೋತ್ರ ಉಟಗೊ."

ಹಾಗೆ ಭಾನುವಾರ ಬೆಳಿಗ್ಗೆ ಕೋಟೆಯ ಕಂದಕದ ಪಕ್ಕದ ಬಯಲಿನಲ್ಲಿ ನಾನು ಧೋತ್ರ ಉಟ್ಟು, ಬರಿಗಾಲಿನಲ್ಲಿ, ಟಾಂಗಾ ಕಾಕಾನ ಬಿಳಿ ಕುದುರೆಯ ಲಗಾಮು ಹಿಡಿದು ನಿಂತಿದ್ದೆ. ಮೇಲೆ ಅವನ ಅಳಿಯ, ಕೌದಿ ಅಂಗಿಯಲ್ಲಿ, ಯಾವುದೋ ರಾಜ್ಯ ಗೆದ್ದವನ ಹಾಗೆ. ಅಂಗೈ ಉರಿಯುತ್ತಿತ್ತು. ಚಾಚಾನೂ ಬಂದಿದ್ದ, ಹಬ್ಬಕ್ಕೆ ತೊಡುವ ಬಿಳಿ ಅಂಗಿ ತೊಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು, ಯಾರ ಪರಿಚಯವೂ ಇಲ್ಲದವನಂತೆ ಹುಣಸೆಮರದ ಕೆಳಗೆ ನಿಂತಿದ್ದ.

ನಾಟಕದ ಡ್ರೆಸ್ಸಿನವರು ಮೊದಲೇ ಬಂದು ಸಾಮಾನು ಹರವಿದ್ದರು. ಈ ಸಲ ಅವರೂ ಸಿದ್ಧತೆ ಮಾಡಿಕೊಂಡಿದ್ದರು. ಮಖಮಲ್ಲಿಗೆ ಚಹಾದ ನೀರು ಚಿಮುಕಿಸಿ ಕಲೆ ಮಾಡಿದ್ದರು. ತಗಡಿನ ಶಿರಸ್ತ್ರಾಣಕ್ಕೆ ತುಕ್ಕಿನ ಬಣ್ಣ, ಕತ್ತಿಯ ಹಿಡಿಗೆ ಹಸಿರು ಕಿಲುಬಿನ ಬಣ್ಣ. ದೂರದಿಂದ ನೋಡಿದರೆ ಈಗಷ್ಟೇ ನೆಲದಿಂದ ಅಗೆದು ತೆಗೆದಂತಿತ್ತು. ಸಮಿತಿಯವರು ಮೂವರು. ಮಾತಾಡುತ್ತಿದ್ದವರು ಒಬ್ಬರೇ, ಹೊರಗಿನಿಂದ ಕರೆಸಿದ ತಜ್ಞರು. ಕುತ್ತಿಗೆಯಲ್ಲಿ ಕನ್ನಡಕ ತೂಗುಬಿಟ್ಟುಕೊಂಡವರು. ಅವರು ಡ್ರೆಸ್ಸಿನವರ ತುಕ್ಕಿನ ಮುಂದೆ ನಿಂತು "ಚೆನ್ನಾಗಿ ಹಳತಾಗಿದೆ" ಅಂದರು.

ಆಮೇಲೆ ನಮ್ಮ ಹತ್ತಿರ ಬಂದರು. ಅಂಗಿಯ ಪದರು ಒತ್ತಿ ನೋಡಿ ತಲೆ ಆಡಿಸಿದರು. ಕಡಿವಾಣ ನೋಡಿದರು, ಜೀನು ನೋಡಿದರು. ಅತ್ತೆ ಒಂದೊಂದಕ್ಕೂ ಯಾವ ಚಿತ್ರ, ಯಾವ ಅಳತೆ ಎಂದು ಹೇಳುತ್ತ ಹೋದಳು. ಅವಳ ದನಿ ಸ್ವಲ್ಪ ನಡುಗುತ್ತಿತ್ತು, ಎಷ್ಟೋ ಸಲ ಅಣಕಿಸಿದ್ದರೂ ಆ ನಡುಕ ನನ್ನ ಬಳಿ ಇರಲಿಲ್ಲ. ಕೊನೆಗೆ ತಜ್ಞರು ಬಿಳಿ ಕುದುರೆಯ ಪಕ್ಕಕ್ಕೆ ಬಂದು, ಅಳಿಯನ ಪಾದ ಸರಿಸಿ, ಪಟ್ಟಿಯ ಕೊಕ್ಕೆಯಿಂದ ರಿಕಾಬನ್ನು ಬಿಡಿಸಿ ಕೈಯಲ್ಲಿ ಹಿಡಿದರು. ಬೆಂಕಿಯ ನೀಲಿ ಇನ್ನೂ ಮಾಸದ, ಪೆಟ್ಟಿನ ಗುರುತು ಹೊಳೆಯುವ ಕಬ್ಬಿಣ.

"ಇದು ಯಾವಾಗಿನದು?"

"ನಿನ್ನೀದ್ರಿ," ಅಂದೆ. ಸುಳ್ಳು ಹೇಳುವ ಶಕ್ತಿ ಅವತ್ತು ಮುಗಿದಿತ್ತು.

"ನಿನ್ನೆಯದು." ಅವರು ಕನ್ನಡಕ ಏರಿಸಿದರು. "ಮೇಡಂ, ನಿಮ್ಮ ಅರ್ಜಿಯಲ್ಲಿ ಒಂದೂ ಸುಳ್ಳು ವಸ್ತು ಇರುವುದಿಲ್ಲ ಎಂದಿದ್ದೀರಿ. ಅಸಲಿ ಎಂದಮೇಲೆ ಹಳೆಯದಿರಬೇಕು, ಇಲ್ಲ ಹಳೆಯದಾಗಿ ಕಾಣಲಾದರೂ ಬೇಕು. ಅವರದು ನೋಡಿ. ಇದು ಹೊಚ್ಚಹೊಸದು. ಇದನ್ನು ಅಸಲಿ ಎಂದು ಹೇಗೆ ಒಪ್ಪುವುದು?"

ಎಷ್ಟೋ ವರ್ಷ ಮಕ್ಕಳಿಗೆ ಉತ್ತರ ಹೇಳಿದ ಅತ್ತೆ ಕೈಯಲ್ಲಿದ್ದ ಅರ್ಜಿಯ ಪ್ರತಿಯನ್ನು ಮಡಚತೊಡಗಿದಳು, ಒಂದು ಮಡಿಕೆ, ಇನ್ನೊಂದು ಮಡಿಕೆ. ಕೊಟ್ಟ ಮಾತಿನಂತೆ ಹಿಂದೆ ಸರಿಯುವ ಸಿದ್ಧತೆ ಅದು ಎಂದು ನನಗೆ ಗೊತ್ತಾಯಿತು. ಏನಾದರೂ ಹೇಳಬೇಕು ಅನ್ನಿಸಿತು. ಗಂಟಲಲ್ಲಿ ಬಾಡಿಗೆಗಿದ್ದವರಲ್ಲಿ ಒಬ್ಬರೂ ಹೊರಗೆ ಬರಲಿಲ್ಲ.

ಆಗ ಮರದ ಕೆಳಗಿನಿಂದ ಚಾಚಾ ನಡೆದು ಬಂದ. ಅವಸರವಿಲ್ಲದೆ ತಜ್ಞರ ಕೈಯಿಂದ ರಿಕಾಬು ತಗೊಂಡ. ಅವರ ಬೆರಳಿನ ಗುರುತನ್ನು ಟವೆಲಿನಿಂದ ಒರೆಸಿ, ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಅಳಿಯನ ಪಾದವನ್ನು ಅದರೊಳಗೆ ಇಟ್ಟ. ಆಮೇಲೆ ಆಡಿದ್ದು ಒಂದೇ ಮಾತು. ಅದನ್ನು ಕೇಳಿ ಸಮಿತಿಯ ಉಳಿದಿಬ್ಬರು ನಕ್ಕುಬಿಟ್ಟರು, ತಜ್ಞರು ಕನ್ನಡಕ ಇಳಿಸಿದರು, ಯಾದಿಯಲ್ಲಿ ಅತ್ತೆಯ ಹೆಸರಿನ ಮುಂದೆ ಗುರುತು ಬಿತ್ತು. ಚಾಚಾ ಅಂದದ್ದು ಇಷ್ಟು:

"ಸಾಹೇಬ್ರ, ಆಗಿನ ಸವಾರರು ಬಂದಾಗ ನಮ್ಮ ಹಿರ್ಯಾರು ಅವರಿಗೂ ಹೊಸಾದೇ ಮಾಡಿ ಕೊಟ್ಟಾರ್ರಿ, ಹಳೇದು ಮಾಡಿ ಕೊಡು ಅಂತ ಯಾವ ಸವಾರನೂ ಕೇಳಿಲ್ಲ."